ಬೆಳಗಿನ ಶಬ್ದ ಮುಚ್ಚಿಟ್ಟು ಕಾರು ಮಾರುವುದು ಸರಿಯೇ?



ಹಳೆಯ ಕಾರು ಕೊಳ್ಳುವುದು, ಮಾರುವುದು ಈಗ ನಮ್ಮ ಎಲ್ಲ ವಾಳೆಗಳಲ್ಲೂ ಸಾಮಾನ್ಯ. ಭಾನುವಾರದ ಬಲಿಪೂಜೆ ಮುಗಿದ ಮೇಲೆ ಚರ್ಚ್ ಅಂಗಳದಲ್ಲೇ ಮಾತುಕತೆ ಶುರುವಾಗುತ್ತದೆ. ಗಲ್ಫಿನಿಂದ ಬಂದವರು ಕೊಳ್ಳುತ್ತಾರೆ, ಹಿಂತಿರುಗುವಾಗ ಮಾರುತ್ತಾರೆ. ಕೆಎಲ್ 14 ನಂಬರಿನ ಗಾಡಿ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತದೆ, ಅಲ್ಲಿನ ಕೆಎ 19 ಗಾಡಿ ಇಲ್ಲಿಗೆ ಬರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ವ್ಯವಹಾರದೊಳಗೆ ಸೇರಿಕೊಂಡಿರುವ ಒಂದು ರೂಢಿಯ ಬಗ್ಗೆ ನಾವು ಮಾತನಾಡಲೇಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ 'ಟಕ ಟಕ' ಎನ್ನುವ ಕಾರನ್ನು, ನೋಡಲು ಜನ ಬರುವ ಮೊದಲೇ ಒಂದು ಸುತ್ತು ಓಡಿಸಿ ಬಿಸಿ ಮಾಡಿ ಇಡುವುದೇ ಆ ರೂಢಿ.

ಇದನ್ನು ಜಾಣತನ ಎನ್ನುವವರಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಇದು ಸುಳ್ಳು. ಬಾಯಿಂದ ಹೇಳದಿದ್ದರೂ ಸುಳ್ಳೇ.

ಯಾಕೆಂದರೆ ಎಂಜಿನ್ನಿನ ನಿಜ ಸ್ಥಿತಿ ತಿಳಿಯುವುದು ತಣ್ಣಗಿರುವಾಗ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಆಯಿಲ್ ಕೆಳಗಿನ ಸಂಪಿಗೆ ಇಳಿದಿರುತ್ತದೆ. ಸ್ಟಾರ್ಟ್ ಮಾಡಿದಾಗ ಪಂಪ್ ಅದನ್ನು ಮೇಲಕ್ಕೆ ತಲುಪಿಸುವವರೆಗಿನ ಒಂದೆರಡು ಸೆಕೆಂಡು, ಸವೆದ ಭಾಗಗಳು ಒಂದಕ್ಕೊಂದು ಬಡಿದು ಸದ್ದು ಮಾಡುತ್ತವೆ. ಎಂಜಿನ್ ಬಿಸಿಯಾದ ಮೇಲೆ ಈ ಸುಳಿವು ಬಹುಪಾಲು ಮರೆಯಾಗುತ್ತದೆ.

ಶಬ್ದ ಬಂತೆಂದು ಹೆದರಬೇಕಾಗಿಯೂ ಇಲ್ಲ. ಮೊದಲು ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಇರುವಾಗ ಡಿಪ್‌ಸ್ಟಿಕ್ ತೆಗೆದು ನೋಡೋಣ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಕಡಿಮೆಯಿದ್ದರೆ ಹಾಕಬೇಕು, ಬದಲಾಯಿಸುವ ಅವಧಿ ಮೀರಿದ್ದರೆ ಫಿಲ್ಟರ್ ಸಮೇತ ಬದಲಾಯಿಸಬೇಕು. ಹಲವು ಫಿಲ್ಟರುಗಳ ಒಳಗೆ ಆಯಿಲ್ ಹಿಂದಕ್ಕೆ ಹರಿಯದಂತೆ ತಡೆಯುವ ರಬ್ಬರ್ ವಾಲ್ವ್ ಇರುತ್ತದೆ. ಅದು ಗಟ್ಟಿಯಾದರೆ ಫಿಲ್ಟರ್ ಖಾಲಿಯಾಗಿ ಪ್ರತಿ ಬೆಳಿಗ್ಗೆ ಸದ್ದು ಬರುತ್ತದೆ. ಆಗ ಒಂದು ಒಳ್ಳೆಯ ಫಿಲ್ಟರ್ ಹಾಕಿದರೆ ಕೆಲಸ ಮುಗಿಯಿತು.

ಅದರಿಂದಲೂ ಹೋಗದಿದ್ದರೆ ಶಬ್ದವನ್ನು ಗಮನವಿಟ್ಟು ಕೇಳಬೇಕು. ಮೇಲ್ಭಾಗದಿಂದ ಹಗುರವಾದ 'ಟಿಕ್ ಟಿಕ್' ಬಂದರೆ ಹೆಚ್ಚಾಗಿ ಅದು ಟ್ಯಾಪೆಟ್. ಹಳೆಯ ಮಾದರಿಗಳಲ್ಲಿ ಗ್ಯಾಪ್ ಸರಿಮಾಡಿದರೆ ಸಾಕಾಗಬಹುದು. ಸರಪಳಿ ಎಳೆದಂತೆ 'ಗರಗರ' ಎಂದು ಕೆಲ ಕ್ಷಣದಲ್ಲಿ ನಿಂತರೆ ಟೈಮಿಂಗ್ ಚೈನ್ ಅಥವಾ ಅದರ ಟೆನ್ಶನರ್ ಇರಬಹುದು. ಇದನ್ನು ತಡಮಾಡಬಾರದು, ಚೈನ್ ಜಿಗಿದರೆ ವಾಲ್ವ್‌ಗಳೇ ಬಾಗಬಹುದು. ಮಂದವಾದ ಬಡಿತ ಬಂದು ಎಂಜಿನ್ ಬಿಸಿಯಾದಂತೆ ಪೂರ್ತಿ ನಿಂತರೆ ಪಿಸ್ಟನ್ ಸಡಿಲವಿದೆಯೆಂದು ಅರ್ಥ. ಅಲ್ಯೂಮಿನಿಯಂ ಪಿಸ್ಟನ್ ಬಿಸಿಗೆ ಹಿಗ್ಗಿದಾಗ ಸಂದು ಕಡಿಮೆಯಾಗುತ್ತದೆ. ಸ್ವಲ್ಪವೇ ಇದ್ದರೆ ಅದರೊಂದಿಗೆ ಗಾಡಿ ಎಷ್ಟೋ ವರ್ಷ ಓಡುತ್ತದೆ. ಆದರೆ ಕೆಳಗಿನಿಂದ ಸುತ್ತಿಗೆಯಿಂದ ಹೊಡೆದಂತೆ 'ಡಬ್ ಡಬ್' ಬಂದು, ಬಿಸಿಯಾದ ಮೇಲೂ ನಿಲ್ಲದೆ, ಆಕ್ಸಿಲರೇಟರ್ ಒತ್ತಿದಾಗ ಜೋರಾದರೆ ಅದು ಕನೆಕ್ಟಿಂಗ್ ರಾಡಿನ ಬೇರಿಂಗ್ ಇರಬಹುದು. ಕೂಡಲೇ ಆಫ್ ಮಾಡಿ ಟೋ ಮಾಡಿಸುವುದೇ ಸರಿ. ಎಂಜಿನ್ ಬಿಚ್ಚುವ ಮೊದಲು ಗೇಜ್ ಹಾಕಿ ಆಯಿಲ್ ಪ್ರೆಶರ್ ಅಳೆಯುವಂತೆ ಮೆಕ್ಯಾನಿಕ್ ಅವರನ್ನು ಕೇಳೋಣ.

ಕಾರಣ ಹುಡುಕದೆ ದಪ್ಪ ಆಯಿಲ್ ಸುರಿದು ಸದ್ದು ಅಡಗಿಸುವ ಉಪಾಯವನ್ನೂ ನಾವೆಲ್ಲ ಕೇಳಿದ್ದೇವೆ. ಕೈಪಿಡಿಯಲ್ಲಿ 5ಡಬ್ಲ್ಯೂ-30 ಎಂದಿರುವ ಎಂಜಿನ್ನಿಗೆ 20ಡಬ್ಲ್ಯೂ-50 ಹಾಕಿದರೆ ಬೇರಿಂಗ್ ಶಬ್ದ ಸ್ವಲ್ಪ ದಿನ ತಗ್ಗಬಹುದು. ಸವೆದದ್ದು ಸವೆದೇ ಇರುತ್ತದೆ. ಮೇಲಾಗಿ ದಪ್ಪ ಆಯಿಲ್ ತಣ್ಣಗಿನ ಎಂಜಿನ್ನಿನಲ್ಲಿ ಮೇಲಕ್ಕೆ ಇನ್ನೂ ನಿಧಾನವಾಗಿ ಏರುತ್ತದೆ.

"ಹಳೇ ಗಾಡಿ ಅಂದ್ಮೇಲೆ ಶಬ್ದ ಇದ್ದೇ ಇರುತ್ತೆ, ತಗೊಳ್ಳುವವರು ನೋಡಿ ತಗೊಳ್ಳಲಿ" ಎಂಬ ವಾದ ಉಂಟು. ನೋಡಿ ತೆಗೆದುಕೊಳ್ಳಬೇಕು ಎನ್ನುವುದು ನ್ಯಾಯವೇ. ಆದರೆ ನೋಡಬೇಕಾದದ್ದನ್ನೇ ಮರೆಮಾಡಿ ಹಾಗೆ ಹೇಳಲು ನಮಗೆ ಹಕ್ಕಿಲ್ಲ. ಯಾಜಕಕಾಂಡದ 19ನೇ ಅಧ್ಯಾಯ ತಕ್ಕಡಿ, ತೂಕದ ಕಲ್ಲುಗಳ ಪ್ರಾಮಾಣಿಕತೆಯ ಬಗ್ಗೆ ಹೇಳುತ್ತದೆ. ಬಿಸಿ ಮಾಡಿಟ್ಟ ಎಂಜಿನ್ ನಮ್ಮ ಕಾಲದ ಕಳ್ಳ ತೂಕದ ಕಲ್ಲು. ಎಂಟನೆಯ ಆಜ್ಞೆಯನ್ನು ಧರ್ಮೋಪದೇಶ ತರಗತಿಯಲ್ಲಿ ಬಾಯಿಪಾಠ ಮಾಡಿದವರು ಮಾರಾಟದ ದಿನ ಅದನ್ನು ಮರೆಯಬಾರದು.

ಕೊಳ್ಳುವವರು ಯಾರು ಎಂಬುದನ್ನೂ ಯೋಚಿಸೋಣ. ಹೆಚ್ಚಿನವರು ಸಾಲ ಮಾಡಿ ಮೊದಲ ಕಾರು ತೆಗೆದುಕೊಳ್ಳುವ ಮನೆಯವರು. ಮಳೆಗಾಲದ ರಾತ್ರಿ ಅಜ್ಜಿಗೆ ಉಸಿರಾಟದ ತೊಂದರೆಯಾದರೆ ಬದಿಯಡ್ಕ, ಕುಂಬಳೆ ಕಡೆಯಿಂದ ಮಂಗಳೂರಿನ ಆಸ್ಪತ್ರೆಗೆ ಓಡಬೇಕಾದದ್ದು ಅದೇ ಕಾರಿನಲ್ಲಿ. ನಾವು ಮುಚ್ಚಿಟ್ಟ ಬೇರಿಂಗ್ ಅರ್ಧ ದಾರಿಯಲ್ಲಿ ಕಚ್ಚಿಕೊಂಡರೆ ಆ ಮನೆಯವರ ಗತಿಯೇನು?

ಹೇಳಿ ಮಾರಿದರೆ ನಷ್ಟ ಎಂಬ ಭಯವೂ ಅಷ್ಟಾಗಿ ಬೇಡ. ಕಾರಣ ಗೊತ್ತಿಲ್ಲದ ಶಬ್ದಕ್ಕೆ ಕೊಳ್ಳುವವರು ಎಂಜಿನ್ ಕೆಲಸದ ಮೊತ್ತವನ್ನೇ ಮುರಿಯುತ್ತಾರೆ. "ಟ್ಯಾಪೆಟ್ ಸೌಂಡ್, ಮೆಕ್ಯಾನಿಕ್ ನೋಡಿದ್ದಾರೆ, ಬಿಲ್ ಇಲ್ಲಿದೆ" ಎಂದರೆ ಚರ್ಚೆ ಅಲ್ಲಿಗೇ ಮುಗಿಯುತ್ತದೆ.

ಆದ್ದರಿಂದ ನಮ್ಮ ಧರ್ಮಕೇಂದ್ರದ ಯುವಜನರು ಎರಡು ಪದ್ಧತಿ ಇಟ್ಟುಕೊಳ್ಳಬೇಕೆಂದು ನಮ್ಮ ಕೋರಿಕೆ. ಕಾರು ಮಾರುವವರು, ನೋಡಲು ಬೆಳಿಗ್ಗೆಯೇ ಬನ್ನಿ ಎಂದು ಕರೆದು, ತಣ್ಣಗಿನ ಗಾಡಿಯ ಕೀ ಅವರ ಕೈಗೇ ಕೊಡಲಿ. ಕೊಳ್ಳುವವರು ಮೊದಲು ಬೋನೆಟ್ ಮುಟ್ಟಿ ನೋಡಲಿ. ಬಿಸಿಯಾಗಿದ್ದರೆ, "ನಾಳೆ ಬೆಳಿಗ್ಗೆ ಬರ್ತೇವೆ" ಎಂದು ಸೌಜನ್ಯದಿಂದ ಹೇಳಿ ಹಿಂತಿರುಗಲಿ.