ಮೊದಲು ಕತ್ತರಿಸಬೇಕಾದದ್ದು ಬಡ್ಡಿಯನ್ನು, ಹಾಲನ್ನಲ್ಲ

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆಯನ್ನು ನಾವು ಮೇಷ್ಟರಾಗಿದ್ದ ಕಾಲದಲ್ಲಿ ಎಷ್ಟೋ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇವೆ. ಗಾದೆಯಲ್ಲಿ ತಪ್ಪೇನೂ ಇಲ್ಲ. ಆದರೆ ಪೀಣ್ಯದ ಕಾರ್ಖಾನೆಗಳ ಸುತ್ತ, ಲಗ್ಗೆರೆ, ಹೆಗ್ಗನಹಳ್ಳಿ, ದಾಸರಹಳ್ಳಿಗಳ ವಠಾರಗಳಲ್ಲಿ ಇಂದು ಈ ಗಾದೆಯನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನು ಸ್ವಲ್ಪ ನೋಡಬೇಕು. ಕಂತಿನ ವಸೂಲಿಗೆ ಬಂದು ಹೊಸಿಲ ಮೇಲೆ ಕುಳಿತವನು ಹೇಳುತ್ತಾನೆ: "ಖರ್ಚು ಸ್ವಲ್ಪ ಕೈಹಿಡಿದು ಮಾಡಿ ಅಕ್ಕಾ." ಮುಂಗಡ ಕೇಳಲು ಹೋದರೆ ಕಾರ್ಖಾನೆಯ ಆಫೀಸಿನವರೂ ಅದನ್ನೇ ಹೇಳುತ್ತಾರೆ. ಹಾಸಿಗೆಯನ್ನು ಒಂದು ತುದಿಯಿಂದ ಕತ್ತರಿಸುತ್ತಿರುವವರೇ ಕಾಲು ಮಡಚಿಕೋ ಎಂದು ಬುದ್ಧಿ ಹೇಳಿದರೆ ಕೇಳುವವನು ಏನು ಮಾಡಬೇಕು?

ನಾವು ಮಿತವ್ಯಯದ ವಿರೋಧಿಗಳಲ್ಲ. ಸಾಲ ತೀರಿಸಬೇಕಾದ ಮನೆಯಲ್ಲಿ ಖರ್ಚು ಕಡಿಮೆಯಾಗಲೇಬೇಕು. ಯಾವ ಖರ್ಚು ಎಂಬುದೇ ಪ್ರಶ್ನೆ. ನಮ್ಮವರು ಸಾಮಾನ್ಯವಾಗಿ ಮೊದಲು ನಿಲ್ಲಿಸುವುದು ಹಾಲು, ಆಮೇಲೆ ಮೊಟ್ಟೆ, ಆಮೇಲೆ ಮನೆಯ ಹೆಂಗಸಿನ ಬೆಳಗಿನ ತಿಂಡಿ. ಆಕೆ ಗಾರ್ಮೆಂಟ್ಸ್‌ಗೆ ಹೋಗುವವಳಾದರೆ ಬರೀ ಚಹಾ ಕುಡಿದು ಯಂತ್ರದ ಮುಂದೆ ಕೂರುತ್ತಾಳೆ. ಇದಕ್ಕೆ ಉಳಿತಾಯವೆಂಬ ಹೆಸರಿಡುವುದು ಸರಿಯಲ್ಲವೆಂದು ನಮ್ಮ ಖಚಿತ ಅಭಿಪ್ರಾಯ. ಲೆಕ್ಕ ಹಾಕಿ ನೋಡೋಣ. ಲೆಕ್ಕಕ್ಕಿಂತ ದೊಡ್ಡ ವಾದ ನಮ್ಮಲ್ಲಿಲ್ಲ.

ಗಂಡ ಲೇತ್ ಮೇಲೆ, ಹೆಂಡತಿ ಹೊಲಿಗೆಯ ಮೇಲೆ ದುಡಿಯುವ ಒಂದು ಮನೆ ಇದೆಯೆಂದು ಇಟ್ಟುಕೊಳ್ಳಿ. ಅವರು ಮನೆ ಬದಲಾಯಿಸುವಾಗ ಅಡ್ವಾನ್ಸಿಗೆಂದು 20,000 ರೂಪಾಯಿಯನ್ನು ಐದು ರೂಪಾಯಿ ಬಡ್ಡಿಗೆ ತಂದಿದ್ದಾರೆ. ಐದು ರೂಪಾಯಿ ಎಂದರೆ ಕಿವಿಗೆ ಹಗುರ. ತಿಂಗಳಿಗೆ ನೂರಕ್ಕೆ 5, ವರ್ಷಕ್ಕೆ ನೂರಕ್ಕೆ 60. ತಿಂಗಳು ತಿಂಗಳೂ 1,000 ರೂಪಾಯಿ ಬಡ್ಡಿಯೇ ಹೋಗುತ್ತದೆ, ಅಸಲು ಅಲುಗುವುದಿಲ್ಲ. ಈಗ ಮನೆಯವರು ದಿನಕ್ಕೆ ಅರ್ಧ ಲೀಟರ್ ಹಾಲು ನಿಲ್ಲಿಸುತ್ತಾರೆ. ಅರ್ಧ ಲೀಟರಿಗೆ 24 ರೂಪಾಯಿ ಹಿಡಿದರೂ ತಿಂಗಳಿಗೆ ಉಳಿದದ್ದು 720. ಮಗುವಿನ ಬಾಯಿಂದ ತಿಂಗಳಿಡೀ ಹಾಲು ಕಿತ್ತುಕೊಂಡರೂ ಒಂದು ಸಾಲದ ಬಡ್ಡಿ ಪೂರ್ತಿ ಹುಟ್ಟಲಿಲ್ಲ! ಇಪ್ಪತ್ತೆರಡು ತಿಂಗಳು ಹೀಗೆ ನಡೆದರೆ 22,000 ಕೊಟ್ಟಾಗಿರುತ್ತದೆ, 20,000 ಹಾಗೆಯೇ ನಿಂತಿರುತ್ತದೆ.

ಅದೇ ಮನೆಯಲ್ಲಿ ಒಂದು ಜೊತೆ ಓಲೆಯೋ ಸರವೋ ಇದ್ದು, ಅದನ್ನು ಬ್ಯಾಂಕಿನಲ್ಲಿ ವರ್ಷಕ್ಕೆ ನೂರಕ್ಕೆ 10ರ ಬಡ್ಡಿಗೆ ಇಟ್ಟು 20,000 ತಂದು ಐದು ರೂಪಾಯಿಯವನಿಗೆ ಬಿಸಾಕಿದರೆಂದು ಇಟ್ಟುಕೊಳ್ಳಿ. ಆಗ ಮೊದಲ ತಿಂಗಳ ಬಡ್ಡಿ ಸುಮಾರು 167 ರೂಪಾಯಿ. ಹಿಂದೆ ಕೊಡುತ್ತಿದ್ದ ಅದೇ 1,000ವನ್ನು ಬ್ಯಾಂಕಿಗೆ ಕಟ್ಟುತ್ತಾ ಹೋದರೆ ಅದೇ ಇಪ್ಪತ್ತೆರಡು ತಿಂಗಳಿಗೆ ಅಸಲೂ ಬಡ್ಡಿಯೂ ತೀರಿ ಓಲೆ ಮನೆಗೆ ಬರುತ್ತದೆ. ಹಾಲು ನಿಲ್ಲಿಸಬೇಕಾಗಿಲ್ಲ. ಚಿನ್ನವನ್ನು ಆಗಲೇ ಬೀದಿಯ ಗಿರವಿ ಅಂಗಡಿಯಲ್ಲಿ ಎರಡು ಮೂರು ರೂಪಾಯಿ ಬಡ್ಡಿಗೆ ಇಟ್ಟಿದ್ದರೂ ಅದನ್ನು ಬಿಡಿಸಿ ಬ್ಯಾಂಕಿಗೆ ಒಯ್ಯುವುದು ಲಾಭವೇ. ಬ್ಯಾಂಕಿನ ಬಾಗಿಲಲ್ಲಿ ಎರಡು ಗಂಟೆ ಕಾಯಬೇಕೆಂಬ ಸಂಕೋಚಕ್ಕೆ ನಮ್ಮ ಜನ ಎಷ್ಟು ಬೆಲೆ ತೆರುತ್ತಿದ್ದಾರೆಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ದಿನದ ಕಂತಿನ ಸಾಲ ಇದಕ್ಕಿಂತ ಕಡೆ. 10,000 ಎಂದು ಬರೆಸಿಕೊಂಡು ಕೈಗೆ 8,500 ಕೊಡುತ್ತಾರೆ. ದಿನಕ್ಕೆ 100ರಂತೆ ನೂರು ದಿನ ಕಟ್ಟಬೇಕು. ಬಡ್ಡಿ 1,500 ತಾನೆ, ನೂರಕ್ಕೆ 15 ಎಂದು ಅಂದುಕೊಳ್ಳುತ್ತೇವೆ. ಆದರೆ ಐವತ್ತನೆಯ ದಿನಕ್ಕೇ ಅರ್ಧ ಹಣ ಅವನ ಕೈ ಸೇರಿರುತ್ತದೆ, ಪೂರ್ತಿ ಹಣ ನೂರು ದಿನ ನಮ್ಮ ಬಳಿ ಇರಲೇ ಇಲ್ಲ. ಸರಿಯಾಗಿ ಲೆಕ್ಕ ಹಾಕಿದರೆ ವರ್ಷಕ್ಕೆ ನೂರಕ್ಕೆ 120ರ ಆಸುಪಾಸು. "ಫ್ಲಾಟ್ ಬಡ್ಡಿ 12" ಎಂದು ಅಂಗಡಿಯಲ್ಲಿ ಹೇಳುವುದೂ ಇದೇ ಕೈಚಳಕ. ತಿಂಗಳ ಕಂತಿನಲ್ಲಿ ವರ್ಷದೊಳಗೆ ತೀರಿಸುವ ಸಾಲಕ್ಕೆ ಅದು ನಿಜದಲ್ಲಿ 21 ದಾಟುತ್ತದೆ.

ಚಿಲ್ಲರೆ ವ್ಯಾಪಾರಿ ಬಂಧುಗಳ ಪಾಡು ಬೇರೆಯೇನಲ್ಲ. ಬೆಳಿಗ್ಗೆ ಮಾರುಕಟ್ಟೆಯಲ್ಲಿ 900 ಪಡೆದು ಸಂಜೆ 1,000 ಹಿಂತಿರುಗಿಸುವ ತರಕಾರಿ ಗಾಡಿಯವರು ತಿಂಗಳಿಗೆ 26 ದಿನ ವ್ಯಾಪಾರ ಮಾಡಿದರೆ, 900 ರೂಪಾಯಿಯ ಬಂಡವಾಳಕ್ಕೆ 2,600 ಬಾಡಿಗೆ ತೆತ್ತಂತಾಯಿತು. ಬೀದಿ ವ್ಯಾಪಾರಿಗಳಿಗೆಂದು 2020ರಲ್ಲಿ ಬಂದ ಸ್ವನಿಧಿ ಯೋಜನೆಯಲ್ಲಿ ಮೊದಲ ಸಾಲ 10,000 ಇತ್ತು. 2025ರಲ್ಲಿ ಅದನ್ನು 15,000ಕ್ಕೆ ಏರಿಸಿದ್ದಾರೆ, ಸಕಾಲಕ್ಕೆ ಕಟ್ಟಿದವರಿಗೆ ಬಡ್ಡಿಯಲ್ಲಿ ನೂರಕ್ಕೆ 7ರಷ್ಟು ಸಹಾಯಧನವೂ ಉಂಟು. ಕಾಗದಪತ್ರಕ್ಕೆ ನಾಲ್ಕು ದಿನ ಅಲೆಯಬೇಕಾಗಬಹುದು. ಅಲೆಯಿರಿ.

ಇಲ್ಲಿ ಇನ್ನೊಂದು ಮಾತು. ಕೈಬಿಗಿ ಹಿಡಿಯುವಾಗ ನಾವು ಮೊದಲು ಬಾಕಿ ನಿಲ್ಲಿಸುವುದು ಯಾರಿಗೆ? ದಿನಸಿ ಅಂಗಡಿಯ ಶೆಟ್ಟರಿಗೆ. ಏಕೆಂದರೆ ಅವರು ಬಾಯಿ ಮಾಡುವುದಿಲ್ಲ. ಮೊದಲು ಕೊಡುವುದು ಮೀಟರ್ ಬಡ್ಡಿಯವನಿಗೆ, ಏಕೆಂದರೆ ಅವನು ಬೀದಿಯಲ್ಲಿ ನಿಂತು ಕೂಗುತ್ತಾನೆ. ಬಡ್ಡಿಯೇ ಇಲ್ಲದೆ ಉದ್ದರಿ ಕೊಡುವ ಮನುಷ್ಯನ ಬಂಡವಾಳವನ್ನು ನಾವು ಮುಳುಗಿಸಿದರೆ, ಮಾಲು ತರಲು ಅವನೂ ಅದೇ ಮೀಟರಿನವನ ಹತ್ತಿರ ಹೋಗುತ್ತಾನೆ. ಹೀಗೆ ಕಾರ್ಮಿಕನ ಸಾಲ ವ್ಯಾಪಾರಿಯ ಸಾಲವಾಗುತ್ತದೆ. "ಇಂದು ನಗದು ನಾಳೆ ಉದ್ದರಿ" ಎಂಬ ಹಲಗೆಯನ್ನು ನೋಡಿ ನಗುತ್ತೇವೆ. ಅದನ್ನು ತೂಗುಹಾಕಿದವನಿಗೆ ಅದು ನಗೆಯ ಮಾತಲ್ಲ.

ಹಾಗಾದರೆ ಮನೆಯಲ್ಲಿ ಕಡಿಮೆ ಮಾಡುವಂಥದ್ದು ಏನೂ ಇಲ್ಲವೇ? ಬೇಕಾದಷ್ಟಿದೆ. ಮೊದಲನೆಯದು ಆಸ್ಪತ್ರೆ. ಕೂಲಿಯಿಂದ ನೂರಕ್ಕೆ ಮುಕ್ಕಾಲು ರೂಪಾಯಿ ಇಎಸ್‌ಐಗೆ ಪ್ರತಿ ತಿಂಗಳೂ ಹೋಗುತ್ತಿದೆ, ಮಾಲೀಕರ ಪಾಲು ಮೂರೂಕಾಲು. ರಾಜಾಜಿನಗರದಲ್ಲಿ ದೊಡ್ಡ ಆಸ್ಪತ್ರೆ ಇದೆ, ಪೀಣ್ಯದಲ್ಲೂ ಇದೆ. ಆದರೂ ಜ್ವರ ಬಂದ ಕೂಡಲೇ ಪಕ್ಕದ ನರ್ಸಿಂಗ್ ಹೋಮಿಗೆ ಓಡಿ ಸಾಲ ಮಾಡುತ್ತೇವೆ. ಸರತಿ ಉದ್ದ, ಔಷಧ ಸಿಗುವುದಿಲ್ಲ ಎಂಬ ದೂರು ಸುಳ್ಳಲ್ಲ. ಆ ದೂರನ್ನು ಸಂಘದ ಮೂಲಕ ಒಯ್ದು ಜಗಳವಾಡಬೇಕೇ ಹೊರತು, ಕೊಟ್ಟ ಹಣ ಬಿಟ್ಟು ಇನ್ನೊಂದು ಸಲ ಹಣ ಕೊಡುವುದು ಯಾವ ಜಾಣತನ? 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಉಚಿತವಾಯಿತು, ಅದೇ ವರ್ಷ 200 ಯೂನಿಟ್‌ವರೆಗಿನ ವಿದ್ಯುತ್ತಿನ ಅನುಕೂಲ ಬಾಡಿಗೆದಾರರಿಗೂ ಬಂತು. ಆಗ ಉಳಿದ ಹಣ ಎಲ್ಲಿ ಹೋಯಿತು? ಹೆಚ್ಚಿನ ಮನೆಗಳಲ್ಲಿ ಗೊತ್ತಿಲ್ಲ, ಕರಗಿತು. ಅದನ್ನು ಬೇರೆ ಡಬ್ಬಿಯಲ್ಲಿ ಹಾಕಿ ಸಾಲದ ಅಸಲಿಗೆ ಕಟ್ಟಿದ್ದರೆ ಕಣ್ಣಿಗೆ ಕಾಣುತ್ತಿತ್ತು. (ಒಂದು ಕೈಯಲ್ಲಿ ಕೊಟ್ಟವರು 2025ರ ಜನವರಿಯಲ್ಲಿ ಗಂಡಸರ ಬಸ್ಸಿನ ದರ ನೂರಕ್ಕೆ 15 ಏರಿಸಿದರು, ಫೆಬ್ರವರಿಯಲ್ಲಿ ಮೆಟ್ರೋ ದರ ಏರಿತು, ಏಪ್ರಿಲ್‌ನಲ್ಲಿ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಹೆಚ್ಚಾಯಿತು. ಮಿತವ್ಯಯದ ಉಪದೇಶ ಮಾಡುವವರು ಇದನ್ನೂ ಗಮನಿಸಲಿ.) ಕಂತಿನ ಮೊಬೈಲು, ನಾಮಕರಣಕ್ಕೆ ಬಾಡಿಗೆ ಮಂಟಪ, ಊರಹಬ್ಬಕ್ಕೆ ಸಾಲದ ಕುರಿ, ಇವನ್ನು ನಾವು ವಿವರಿಸಬೇಕಾಗಿಲ್ಲ. ಗಂಡಸಿನ ಸಂಜೆಯ ಖರ್ಚನ್ನಂತೂ ಮನೆಯವರೇ ನಮಗಿಂತ ಚೆನ್ನಾಗಿ ಬಲ್ಲರು.

ಕೂಲಿಯ ಮಾತನ್ನು ಬಿಟ್ಟು ಇದನ್ನು ಮುಗಿಸಲಾಗದು. 1957ರಲ್ಲಿ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಕನಿಷ್ಠ ಕೂಲಿಗೆ ಒಂದು ಅಳತೆ ಹಾಕಿತು: ಆಳಿಗೆ 2,700 ಕ್ಯಾಲೊರಿ ಆಹಾರ, ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಸೌದೆ ದೀಪ ಇತ್ಯಾದಿಗೆ ಕೂಲಿಯ ನೂರರಲ್ಲಿ 20 ಪಾಲು. 1991ರಲ್ಲಿ ಸುಪ್ರೀಂ ಕೋರ್ಟು ರಪ್ಟಾಕೋಸ್ ಬ್ರೆಟ್ ಮೊಕದ್ದಮೆಯಲ್ಲಿ ಮಕ್ಕಳ ಓದು, ಔಷಧ, ಹಬ್ಬ, ಮದುವೆ, ಮುಪ್ಪುಗಳಿಗೆಂದು ಮತ್ತೆ 25 ಪಾಲು ಸೇರಿಸಿತು. ಈ ಪಟ್ಟಿಯಲ್ಲಿ ಬಡ್ಡಿ ಎಂಬ ಬಾಬು ಎಲ್ಲಿಯೂ ಇಲ್ಲ. ಇರಬೇಕಾಗಿಯೂ ಇಲ್ಲ, ಔಷಧಕ್ಕೂ ಮದುವೆಗೂ ಕೂಲಿಯಲ್ಲೇ ಪಾಲು ಸಿಕ್ಕರೆ ಸಾಲ ಏಕೆ ಬೇಕು? ಪಾಲು ಸಿಗದ ಕಡೆ ಬಡ್ಡಿ ಬಂದು ಕುಳಿತಿದೆ. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದದ್ದು ಪಿಎಫ್ ಹಣಕ್ಕಾಗಿ. ಮಾಲೀಕರ ಪಾಲನ್ನು 58 ವರ್ಷದವರೆಗೆ ಮುಟ್ಟುವಂತಿಲ್ಲವೆಂಬ ನಿಯಮವನ್ನು ಕೇಂದ್ರ ಸರ್ಕಾರ ಎರಡನೆಯ ದಿನವೇ ಹಿಂತೆಗೆದುಕೊಂಡಿತು. ಮುಪ್ಪಿಗೆಂದು ಇಟ್ಟ ಹಣ ಇಂದಿನ ಸಾಲಕ್ಕೆ ಬೇಕಾಗಿದ್ದರಿಂದಲೇ ಆ ಸಿಟ್ಟು. ಆದರೂ ಒಂದು ಎಚ್ಚರ: ಪಿಎಫ್‌ಗಾಗಿ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಗ್ರಾಚ್ಯುಯಿಟಿ ಕೈತಪ್ಪೀತು. ಕೆಲಸದಲ್ಲಿದ್ದುಕೊಂಡೇ ಒಂದು ಭಾಗವನ್ನು ಮುಂಗಡವಾಗಿ ಪಡೆಯಲು ದಾರಿ ಇದೆ.

ಚಿನ್ನವೂ ಇಲ್ಲ, ಪಿಎಫ್ಫೂ ಇಲ್ಲ ಎನ್ನುವವರು ಏನು ಮಾಡಬೇಕು? ಗದಗಿನ ಹತ್ತಿರದ ಕಣಗಿನಹಾಳದ ರೈತರು 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತನದಲ್ಲಿ ಸಹಕಾರಿ ಪತ್ತಿನ ಸಂಘ ಕಟ್ಟಿದಾಗ ಅವರಲ್ಲಿಯೂ ಹಣವಿರಲಿಲ್ಲ, ಸಾಹುಕಾರರ ಕಾಟ ಮಾತ್ರ ಇತ್ತು. ಹೊಲಿಗೆಯ ಒಂದೇ ಸಾಲಿನಲ್ಲಿ ಕೂರುವ 20 ಮಂದಿ ವಾರಕ್ಕೆ 200ರಂತೆ ಕೂಡಿಸಿದರೆ ಐದು ವಾರಕ್ಕೆ 20,000. ಒಬ್ಬಳನ್ನು ಐದು ರೂಪಾಯಿ ಬಡ್ಡಿಯಿಂದ ಬಿಡಿಸಬಹುದು. ಆಕೆ ಒಂದು ರೂಪಾಯಿ ಬಡ್ಡಿಯಲ್ಲಿ ಗುಂಪಿಗೆ ಕಟ್ಟುತ್ತಾಳೆ, ಆಮೇಲೆ ಇನ್ನೊಬ್ಬಳ ಸರದಿ. ಹರಾಜಿನ ಚೀಟಿಯಲ್ಲಿ ತುರ್ತಿಗೆ ಬಿದ್ದವನು ದೊಡ್ಡ ಪಾಲು ಬಿಟ್ಟುಕೊಟ್ಟು ಹಣ ಎತ್ತುತ್ತಾನಲ್ಲ, ಆ ದಾರಿ ಬೇಡ.

ಬಾಗಿಲಿಗೆ ಬಂದು ಗದರಿಸುವವರ ವಿಷಯದಲ್ಲಿ ಈಗ ಕಾನೂನಿದೆ. 2025ರ ಜನವರಿಯಲ್ಲಿ ಚಾಮರಾಜನಗರದ ಹಳ್ಳಿಗಳಲ್ಲಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಬಂದ ಮೇಲೆ, ಫೆಬ್ರವರಿ 12ರಂದು ರಾಜ್ಯದ ಸುಗ್ರೀವಾಜ್ಞೆ ಜಾರಿಯಾಯಿತು, ಮಾರ್ಚಿಯಲ್ಲಿ ಅದು ವಿಧಾನಮಂಡಲದ ಒಪ್ಪಿಗೆ ಪಡೆಯಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ದೂರು ತೆಗೆದುಕೊಳ್ಳುವುದಿಲ್ಲವೆಂದು ಪೊಲೀಸರು ಹೇಳುವಂತಿಲ್ಲ. ರಿಸರ್ವ್ ಬ್ಯಾಂಕಿನ ನೋಂದಣಿ ಇರುವ ಕಂಪನಿಗಳ ಸಾಲ ಇದರಿಂದ ಮನ್ನಾ ಆಗುವುದಿಲ್ಲ, ಅದನ್ನು ತಿಳಿದಿರಿ. ಆದರೆ ಅವರಿಗೂ ರಿಸರ್ವ್ ಬ್ಯಾಂಕಿನ 2022ರ ನಿಯಮವಿದೆ: ಎಲ್ಲ ಸಾಲಗಳ ಕಂತು ಸೇರಿ ಕುಟುಂಬದ ತಿಂಗಳ ವರಮಾನದ ಅರ್ಧ ಮೀರುವಂತೆ ಹೊಸ ಸಾಲ ಕೊಡಬಾರದು, ಮೈಕ್ರೋ ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕಬಾರದು.

ಭಾನುವಾರ ಮನೆಯವರೆಲ್ಲ ಕುಳಿತು ಒಂದು ಹಾಳೆಯಲ್ಲಿ ಸಾಲಗಳನ್ನು ಬರೆಯಿರಿ. ಮೊತ್ತದ ಪ್ರಕಾರವಲ್ಲ, ಬಡ್ಡಿಯ ಪ್ರಕಾರ. ಎಲ್ಲಕ್ಕಿಂತ ಹೆಚ್ಚು ಬಡ್ಡಿಯದು ಮೇಲೆ. ಉಳಿದ ಪ್ರತಿ ರೂಪಾಯಿ ಆ ಮೇಲಿನ ಸಾಲಕ್ಕೆ ಹೋಗಲಿ, ಮಿಕ್ಕವಕ್ಕೆ ಕಟ್ಟಲೇಬೇಕಾದಷ್ಟು ಮಾತ್ರ. ಕೊಟ್ಟ ಹಣಕ್ಕೆಲ್ಲ ರಸೀದಿಯೋ ಫೋನಿನಲ್ಲಿ ಕಳಿಸಿದ ಗುರುತೋ ಇರಲಿ. ಸಾಲ ತೀರಿದ ದಿನ ಸಹಿ ಮಾಡಿಕೊಟ್ಟ ಖಾಲಿ ಚೆಕ್ಕು, ಬಾಂಡು ಕಾಗದ, ಆಧಾರ್ ಪ್ರತಿ ಎಲ್ಲವನ್ನೂ ಅಲ್ಲಿಯೇ ನಿಂತು ವಾಪಸು ಪಡೆಯಿರಿ, ನಾಳೆ ಬನ್ನಿ ಎಂದರೆ ಎದ್ದು ಬರಬೇಡಿ.