ವರ್ತನಾ ವಿಶ್ಲೇಷಕರ ಪರೀಕ್ಷೆ: ಭಾರತಕ್ಕೆ ಮುಚ್ಚಿದ ಬಾಗಿಲು

ಬೆಂಗಳೂರು: ಆಟಿಸಂ ಇರುವ ಮಕ್ಕಳಿಗೆ ಮಾತು, ಊಟ, ಉಡುಗೆಯಂತಹ ನಿತ್ಯ ಕೌಶಲಗಳನ್ನು ಹಂತಹಂತವಾಗಿ ಕಲಿಸುವ ವರ್ತನಾ ವಿಶ್ಲೇಷಕರಿಗೆ ಅಮೆರಿಕದ ಖಾಸಗಿ ಮಂಡಳಿಯೊಂದು ನೀಡುವ ಬಿಸಿಬಿಎ ಪ್ರಮಾಣಪತ್ರವೇ ಬಹುಕಾಲ ಮಾನದಂಡವಾಗಿತ್ತು. ಸ್ನಾತಕೋತ್ತರ ಪದವಿ, ಮೇಲ್ವಿಚಾರಣೆಯಡಿ 1,500ರಿಂದ 2,000 ಗಂಟೆಗಳ ಪ್ರಾಯೋಗಿಕ ತರಬೇತಿ, ಬಳಿಕ ಪರೀಕ್ಷೆ, ಹಾದಿ ಸುಲಭದ್ದೇನಲ್ಲ. 2023ರ ಜನವರಿ 1ರಿಂದ ಮಂಡಳಿಯು ಭಾರತದಲ್ಲಿ ನೆಲೆಸಿದವರ ಹೊಸ ಅರ್ಜಿಗಳನ್ನೇ ಸ್ವೀಕರಿಸುತ್ತಿಲ್ಲ. ಇದನ್ನು 2019ರಲ್ಲೇ ಪ್ರಕಟಿಸಲಾಗಿತ್ತು.

ಆರೋಗ್ಯ ಸೇವಾ ವೃತ್ತಿಗಳ ಕುರಿತ 2021ರ ಕೇಂದ್ರ ಕಾಯ್ದೆಯ ಅನುಸೂಚಿಯಲ್ಲಿ ವರ್ತನಾ ವಿಶ್ಲೇಷಕರ ಹೆಸರಿರುವುದೇನೋ ನಿಜ. ಆದರೆ ಹೆಸರು ಸೇರಿದ ಮಾತ್ರಕ್ಕೆ ತರಬೇತಿ ದೊರೆತಂತಾಗದು. ಅದಕ್ಕೆ ಮೇಲ್ವಿಚಾರಣೆ ನಡೆಸಬಲ್ಲ ಅನುಭವಿಗಳು ಬೇಕು. ಅಲ್ಲಿಯವರೆಗೆ ಪಾಲಕರು ಶುಲ್ಕ ಕಟ್ಟುವ ಮುನ್ನ ಗೋಡೆಯ ಮೇಲಿನ ಪ್ರಮಾಣಪತ್ರವನ್ನಷ್ಟೇ ನೋಡದೆ, ಚಿಕಿತ್ಸಕರು ಯಾರ ಕೈಕೆಳಗೆ, ಎಷ್ಟು ಗಂಟೆ ಪಳಗಿದವರು ಎಂಬುದನ್ನೂ ಕೇಳಬೇಕಾಗಿದೆ.