ಸ್ಪ್ರೇ ಹೊಡೆದ್ರೆ ಸಾಕಾ?

ಗ್ರೌಂಡಲ್ಲಿ ಯಾರಾದ್ರೂ ಪಾದ ತಿರುಚಿಕೊಂಡು ಬಿದ್ರೆ ನಾವೇನು ಮಾಡ್ತೀವಿ? ಸ್ಪ್ರೇ ಹೊಡೆದು, ಕ್ರೇಪ್ ಬ್ಯಾಂಡೇಜ್ ಸುತ್ತಿ, ‘ಏನಾಗಲ್ಲ ಮಗಾ, ಆಡು’ ಅಂತೀವಿ. ಈ ಅಭ್ಯಾಸ ನಾವು ಬಿಡಲೇಬೇಕು.

ಪಾದದ ಮಧ್ಯಭಾಗ ಒಂದು ಕಮಾನು. ಎರಡನೇ ಬೆರಳಿನ ಹಿಂದಿರುವ ಉದ್ದ ಮೂಳೆಯ ಬುಡವೇ ಅದರ ಕೀಸ್ಟೋನ್. ಅದನ್ನು ಹಿಡಿದಿಟ್ಟಿರೋದು ಲಿಸ್‌ಫ್ರಾಂಕ್ ಅನ್ನೋ ಲಿಗಮೆಂಟ್. ಅದು ಹರಿದರೂ ಮಲಗಿಸಿ ತೆಗೆದ ಎಕ್ಸ್-ರೇಯಲ್ಲಿ ಕಾಣದೇ ಹೋಗಬಹುದು. ಲೋಡ್ ಹಾಕದೆ ಬೀಮ್ ಟೆಸ್ಟ್ ಮಾಡಿದ ಹಾಗೆ! ಭಾರ ಬಿಟ್ಟು ನಿಂತಾಗ ತೆಗೆದರೆ ಮೂಳೆಗಳ ನಡುವಿನ ಸಂದು ಗೊತ್ತಾಗುತ್ತೆ.

ಅಂಗಾಲು ನೀಲಿಗಟ್ಟಿದ್ರೆ, ತುದಿಗಾಲಲ್ಲಿ ನಿಲ್ಲೋಕೆ ಆಗದಿದ್ರೆ ಮೂಳೆ ಡಾಕ್ಟರ ಹತ್ರ ಹೋಗಿ. ಮೂಳೆ ಜರುಗಿಲ್ಲದಿದ್ರೆ ಸಾಮಾನ್ಯವಾಗಿ 6 ವಾರ ಕಾಲೂರದೆ ಪ್ಲಾಸ್ಟರ್ ಅಥವಾ ಬೂಟ್. ಜರುಗಿದ್ರೆ ಸ್ಕ್ರೂ, ಪ್ಲೇಟ್ ಹಾಕೋ ಆಪರೇಷನ್. ಆಟಕ್ಕೆ ಮರಳೋಕೆ ಎಷ್ಟೋ ತಿಂಗಳು. ಕಡೆಗಣಿಸಿದ್ರೆ ಕಮಾನು ಕುಸಿದು, ನಡೆದಾಗಲೆಲ್ಲ ನೋವು ಕೊಡೋ ಸಂಧಿವಾತ ಉಳಿದುಬಿಡಬಹುದು.

ಫೈನಲ್ ಇಯರ್‌ನವರಿಗೆ ‘ಇದೇ ಕೊನೇ ಟೂರ್ನಮೆಂಟ್’ ಅನ್ನೋ ಸಂಕಟ ಇರುತ್ತೆ, ನಿಜ. ಆದ್ರೆ ಕಾಲು ಅದಾದ ಮೇಲೂ ಬೇಕಲ್ಲ? ಕ್ಯಾಪ್ಟನ್‌ಗಳೇ, ನೋವಿರೋರನ್ನ ಬೆಂಚಲ್ಲಿ ಕೂರಿಸೋದೂ ಟೀಮ್ ಸ್ಪಿರಿಟ್ಟೇ.